ಜಿನುಗುವ ಎಣ್ಣೆಯ ಜಾಡು ಹಿಡಿದು

ಮಕ್ಕಳೇ, ನಿಮ್ಮ ಮನೆಯ ಕುಕ್ಕರಿನ ಮುಚ್ಚಳವನ್ನು ತಿರುಗಿಸಿ ನೋಡಿದ್ದೀರಾ? ಅದರ ಅಂಚಿನ ಒಳಗೆ ಒಂದು ರಬ್ಬರ್ ಬಳೆ ಇರುತ್ತದೆ. ಅದು ಹಳೆಯದಾದರೆ ಏನಾಗುತ್ತದೆ ಎಂದು ಅಮ್ಮನನ್ನು ಕೇಳಿ. "ಕುಕ್ಕರ್ ಕೂಗೋದೇ ಇಲ್ಲ, ಪಕ್ಕದಿಂದ ಬುಸ್ ಅಂತ ಹಬೆ ಹೋಗುತ್ತೆ, ಬೇಳೆ ಬೇಯೋದೇ ಇಲ್ಲ" ಎನ್ನುತ್ತಾರೆ. ನಲ್ಲಿಯ ಒಳಗಿನ ವಾಷರ್ ಸವೆದರೆ ನೀರು ತೊಟ್ಟಿಕ್ಕುತ್ತದೆ. ಊಟದ ಡಬ್ಬಿಯ ಮುಚ್ಚಳದ ಬಳೆ ಕಳೆದುಹೋದರೆ ಸಾರು ಚೀಲಕ್ಕೆಲ್ಲ ಸುರಿಯುತ್ತದೆ.

ಎರಡು ಗಟ್ಟಿ ಭಾಗಗಳ ನಡುವೆ ಕುಳಿತು, ಸಂದನ್ನು ಮುಚ್ಚಿ, ಒಳಗಿನದು ಹೊರಗೆ ಬಾರದಂತೆ ತಡೆಯುವ ಇಂತಹ ಮೆತ್ತನೆಯ ವಸ್ತುವಿಗೆ ಗ್ಯಾಸ್ಕೆಟ್ ಎಂದು ಹೆಸರು. ಬೈಕಿನ ಎಂಜಿನ್ನಿನಲ್ಲೂ ಗ್ಯಾಸ್ಕೆಟ್‌ಗಳಿವೆ. ಅವುಗಳಲ್ಲಿ ಒಂದು ಗ್ಯಾಸ್ಕೆಟ್ ಒಬ್ಬ ಹಾಲಿನ ಮಾಮನನ್ನು ಹೇಗೆ ಕಾಡಿತು, ಕೊನೆಗೆ ಅದರ ಗುಟ್ಟು ಹೇಗೆ ಬಯಲಾಯಿತು ಎಂಬುದೇ ಈ ಪಾಠ. ಊರಿನ ಹೆಸರು ಬೇಡ. ನಿಮ್ಮ ಊರೇ ಎಂದುಕೊಳ್ಳಿ.

ಕೆರೆ ಏರಿಯ ಮೇಲೆ ಜಾರಿದ ಬೈಕು

ಹಾಲಿನ ಮಾಮನ ತೋಟದ ಮನೆ ಊರಿನಿಂದ 4 ಕಿಲೋಮೀಟರ್ ದೂರ. ಬೆಳಿಗ್ಗೆ ಮತ್ತು ಸಂಜೆ ಬೈಕಿನ ಎರಡೂ ಪಕ್ಕ ಹಾಲಿನ ಕ್ಯಾನು ಕಟ್ಟಿಕೊಂಡು ಊರಿನ ಡೇರಿಗೆ ಬರುತ್ತಾರೆ. ಡೇರಿಯ ಬಾಗಿಲು ಮುಚ್ಚುವುದರೊಳಗೆ ಹಾಲು ಮುಟ್ಟಬೇಕು. ತಡವಾದರೆ ಆ ಹೊತ್ತಿನ ದುಡಿಮೆ ಹೋದಂತೆಯೇ.

ಒಂದು ದಿನ ಬೈಕು ನಿಲ್ಲಿಸಿದ ಜಾಗದಲ್ಲಿ ಕಪ್ಪು ಎಣ್ಣೆಯ ಕಲೆ ಕಾಣಿಸಿತು. "ಎಲ್ಲೋ ಒಂದೆರಡು ಹನಿ" ಎಂದು ಅವರು ಸುಮ್ಮನಾದರು. ಕೆಲವು ದಿನಗಳ ನಂತರ ಕೆರೆ ಏರಿಯ ತಿರುವಿನಲ್ಲಿ ಹಿಂದಿನ ಚಕ್ರ ಸರ್ರನೆ ಜಾರಿತು. ಮಾಮನಿಗೆ ಮೊಣಕೈ ತರಚಿತು. ಒಂದು ಕ್ಯಾನು ಉರುಳಿ ಅದರ ಹಾಲೆಲ್ಲ ಮಣ್ಣುಪಾಲಾಯಿತು. ಎದ್ದು ನೋಡಿದರೆ ಹಿಂದಿನ ಟೈರಿನ ಮೇಲೆ ಎಣ್ಣೆ! ಎಂಜಿನ್ನಿನಿಂದ ಜಿನುಗಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಟೈರನ್ನು ಸವರಿತ್ತು.

ರಸ್ತೆ ಮತ್ತು ಟೈರಿನ ನಡುವಿನ ಘರ್ಷಣೆಯೇ ಬೈಕನ್ನು ಜಾರದಂತೆ ಹಿಡಿದಿಡುತ್ತದೆ. ನಡುವೆ ಎಣ್ಣೆ ಬಂದರೆ ಘರ್ಷಣೆ ತೀರಾ ಕಡಿಮೆಯಾಗುತ್ತದೆ. ಎಂಜಿನ್ನಿನ ಒಳಗೆ ಬೇಕಾದ ಗುಣವೇ ರಸ್ತೆಯ ಮೇಲೆ ಅಪಾಯ. ಒಳಗಿನ ಎಣ್ಣೆ ಒಳಗೇ ಇರಬೇಕು.

ಎಂಜಿನ್ನಿನ ತಲೆಯಲ್ಲಿ ಏನಿದೆ?

ಎಣ್ಣೆ ಎಂಜಿನ್ನಿನ ಒಳಗೆ ಏಕೆ ಬೇಕು? ಸ್ವಲ್ಪ ಒಳಗೆ ಇಣುಕೋಣ ಬನ್ನಿ.

ಎಂಜಿನ್ನಿನಲ್ಲಿ ಸಿಲಿಂಡರ್ ಎಂಬ ಕೊಳವೆ ಇದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಬರಲು ಒಂದು ಬಾಗಿಲು, ಸುಟ್ಟ ಅನಿಲ ಹೊರಗೆ ಹೋಗಲು ಇನ್ನೊಂದು ಬಾಗಿಲು. ಈ ಬಾಗಿಲುಗಳೇ ಕವಾಟಗಳು. ಗ್ಯಾರೇಜಿನಲ್ಲಿ ಇವನ್ನು ವಾಲ್ವ್ ಎನ್ನುತ್ತಾರೆ. ನಿಮ್ಮ ಹೃದಯದಲ್ಲೂ ಕವಾಟಗಳಿವೆ, ನೆನಪಿದೆಯೇ? ಅಲ್ಲಿ ರಕ್ತಕ್ಕೆ ಬಾಗಿಲು, ಇಲ್ಲಿ ಅನಿಲಕ್ಕೆ ಬಾಗಿಲು.

ಈಗ ಒಂದು ಲೆಕ್ಕ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದೆ ಎನ್ನೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಒಂದೊಂದು ಕವಾಟ ತೆರೆದು ಮುಚ್ಚುತ್ತದೆ. ಅಂದರೆ ನಿಮಿಷಕ್ಕೆ 2,500 ಬಾರಿ. ಸೆಕೆಂಡಿಗೆ ಎಷ್ಟು? 60 ರಿಂದ ಭಾಗಿಸಿ. ಸುಮಾರು 42 ಬಾರಿ!

ಇಷ್ಟು ವೇಗವಾಗಿ ಕವಾಟವನ್ನು ಕುಟ್ಟುವ ಲೋಹದ ತೋಳುಗಳು ಸಿಲಿಂಡರಿನ ತಲೆಯ ಮೇಲಿವೆ. ಲೋಹಕ್ಕೆ ಲೋಹ ಉಜ್ಜಿದರೆ ಕಾಯುತ್ತದೆ, ಸವೆಯುತ್ತದೆ. ಆದ್ದರಿಂದ ಅಲ್ಲಿ ಯಾವಾಗಲೂ ಎಣ್ಣೆ ಚಿಮ್ಮುತ್ತಿರಬೇಕು. ಚಿಮ್ಮುವ ಎಣ್ಣೆ ಹೊರಗೆ ಬಾರದಂತೆ, ಹೊರಗಿನ ಧೂಳು ಒಳಗೆ ಹೋಗದಂತೆ ಮೇಲೊಂದು ಟೋಪಿ ಇದೆ. ಅದೇ ವಾಲ್ವ್ ಕವರ್. ಮೆಕ್ಯಾನಿಕ್‌ಗಳು ಇದನ್ನು ಹೆಡ್ ಕವರ್ ಎಂದೂ ಕರೆಯುತ್ತಾರೆ. ಟೋಪಿ ಮತ್ತು ತಲೆಯ ನಡುವೆ ಕುಳಿತಿರುವುದೇ ನಮ್ಮ ಕಥೆಯ ಗ್ಯಾಸ್ಕೆಟ್.

ಹನಿಯ ಲೆಕ್ಕ

"ಎಲ್ಲೋ ಒಂದೆರಡು ಹನಿ" ಎಂದರಲ್ಲ ಮಾಮ, ಅದು ಎಷ್ಟಾಗುತ್ತದೆ ನೋಡಿ. ನಿಮಿಷಕ್ಕೆ ಒಂದೇ ಒಂದು ಹನಿ ಸೋರುತ್ತದೆ, ಬೈಕು ದಿನಕ್ಕೆ 100 ನಿಮಿಷ ಓಡುತ್ತದೆ ಎಂದುಕೊಳ್ಳೋಣ. 25 ಹನಿಗೆ 1 ಮಿಲಿಲೀಟರ್ ಎಂದು ಹಿಡಿಯೋಣ.

ದಿನಕ್ಕೆ 100 ಹನಿ, ಅಂದರೆ 4 ಮಿಲಿಲೀಟರ್.
30 ದಿನಕ್ಕೆ 120 ಮಿಲಿಲೀಟರ್.
5 ತಿಂಗಳಿಗೆ 600 ಮಿಲಿಲೀಟರ್.

ಚಿಕ್ಕ ಬೈಕಿನ ಎಂಜಿನ್ನಿನಲ್ಲಿ ಇರುವುದೇ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ. ಅರ್ಧಕ್ಕಿಂತ ಹೆಚ್ಚು ಎಣ್ಣೆ ಯಾರಿಗೂ ತಿಳಿಯದಂತೆ ಮಾಯ! ಎಣ್ಣೆ ತೀರಾ ಕಡಿಮೆಯಾದರೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ‘ಎಂಜಿನ್ ಸೀಜ್ ಆಯಿತು’ ಎನ್ನುವುದು. ಅಲ್ಲದೆ ಸೋರಿದ ಎಣ್ಣೆಗೆ ಧೂಳು ಅಂಟಿ, ಸಿಲಿಂಡರನ್ನು ತಂಪಾಗಿಡುವ ಲೋಹದ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂರುತ್ತದೆ. ಆಗ ಎಂಜಿನ್ ಇನ್ನಷ್ಟು ಕಾಯುತ್ತದೆ.

ಕಂಡ ಜಾಗ ಬೇರೆ, ಹೊರಟ ಜಾಗ ಬೇರೆ

ಎಣ್ಣೆ ತೊಟ್ಟಿಕ್ಕುತ್ತಿದ್ದುದು ಎಂಜಿನ್ನಿನ ತಳದಲ್ಲಿ. ಆದ್ದರಿಂದ ಮಾಮ ತಳದಲ್ಲಿರುವ ಬೋಲ್ಟನ್ನೇ ಬಿಗಿ ಮಾಡಿದರು. ಸೋರುವುದು ನಿಲ್ಲಲಿಲ್ಲ. ಏಕೆ?

ಮಳೆಗಾಲದಲ್ಲಿ ಮನೆಯ ಮಾಡು ಸೋರುವುದನ್ನು ನೆನಪಿಸಿಕೊಳ್ಳಿ. ಹೆಂಚು ಒಡೆದಿರುವುದು ಒಂದು ಕಡೆ. ನೀರು ತೊಲೆಯ ಗುಂಟ ಹರಿದು ಬೀಳುವುದು ಇನ್ನೊಂದು ಕಡೆ. ಎಣ್ಣೆಯೂ ಹಾಗೆಯೇ. ತಲೆಯಲ್ಲಿ ಹೊರಟು, ರೆಕ್ಕೆಗಳ ಮೇಲೆ ಇಳಿದು, ತಳದಲ್ಲಿ ಹನಿಯಾಗುತ್ತದೆ.

ಹಾಗಾದರೆ ಹೊರಟ ಜಾಗವನ್ನು ಹುಡುಕುವುದು ಹೇಗೆ? ನಿಮ್ಮ ಶಾಲೆಯಲ್ಲೇ ಇರುವ ಒಂದು ವಸ್ತು ಸಾಕು. ಸೀಮೆಸುಣ್ಣದ ಪುಡಿ! ತಣ್ಣಗಿರುವ ಎಂಜಿನ್ನನ್ನು ಚೆನ್ನಾಗಿ ಒರೆಸಿ ಒಣಗಿಸಬೇಕು. ಅನುಮಾನವಿರುವ ಕಡೆಯೆಲ್ಲ ಸೀಮೆಸುಣ್ಣದ ಪುಡಿ ಅಥವಾ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಕು. ಐದು ನಿಮಿಷ ಎಂಜಿನ್ ನಡೆಸಿ ನಿಲ್ಲಿಸಬೇಕು. ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಸೋರುವ ಜಾಗ.

ಮಾಮನ ಮಗಳು ಏಳನೇ ತರಗತಿ. ಸೀಮೆಸುಣ್ಣದ ಚೂರುಗಳನ್ನು ಪುಡಿ ಮಾಡಿ ಕೊಟ್ಟವಳು ಅವಳೇ. ಪುಡಿಯ ಮೇಲಿನ ಕಪ್ಪು ಗೆರೆ ವಾಲ್ವ್ ಕವರಿನ ಅಂಚಿನಲ್ಲಿ ಶುರುವಾಗಿತ್ತು.

ಮೊದಲನೆಯ ಗ್ಯಾಸ್ಕೆಟ್: ನಯವೆಂದು ಕಂಡದ್ದು ನಯವಲ್ಲ

ಮಾಮ ಪೇಟೆಯಿಂದ ಹೊಸ ಗ್ಯಾಸ್ಕೆಟ್ ತಂದರು. ಕವರ್ ಬಿಚ್ಚಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿದರು. ನಾಲ್ಕೇ ದಿನ, ಮತ್ತೆ ಎಣ್ಣೆ.

ಎರಡು ಲೋಹಗಳನ್ನು ನುಣ್ಣಗೆ ಮಾಡಿ ಒಂದರ ಮೇಲೊಂದು ಇಟ್ಟರೆ ಗ್ಯಾಸ್ಕೆಟ್ ಏಕೆ ಬೇಕು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕೈಗೆ ನುಣ್ಣಗೆ ಹತ್ತುವ ಲೋಹವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಬೆಟ್ಟ ಕಣಿವೆಗಳು ಕಾಣುತ್ತವೆ. ಬೆಟ್ಟಕ್ಕೆ ಬೆಟ್ಟ ತಾಗಿದರೂ ಕಣಿವೆಗಳಲ್ಲಿ ದಾರಿ ಉಳಿದಿರುತ್ತದೆ. ಬಿಸಿಯಾಗಿ ತೆಳ್ಳಗಾದ ಎಣ್ಣೆ ಆ ದಾರಿಯಲ್ಲಿ ನುಸುಳಿಬಿಡುತ್ತದೆ.

ಇನ್ನೊಂದು ಕಾರಣವೂ ಇದೆ. ಲೋಹ ಕಾದರೆ ಹಿಗ್ಗುತ್ತದೆ. 10 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 0.23 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ಹಿಗ್ಗುವುದು ಅದರ ಅರ್ಧದಷ್ಟು. ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಒಂದೊಂದು ಬಾರಿ ಕಾದು ತಣಿದಾಗಲೂ ಭಾಗಗಳು ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತವೆ. ಗ್ಯಾಸ್ಕೆಟ್ ಮೆತ್ತಗಿರುವುದರಿಂದ ಕಣಿವೆಗಳನ್ನು ತುಂಬುತ್ತದೆ. ಸ್ಥಿತಿಸ್ಥಾಪಕ ಗುಣವಿರುವುದರಿಂದ ಲೋಹ ಸರಿದಾಗ ತಾನೂ ಉಬ್ಬಿ ಸಂದು ಬಿಡದಂತೆ ನೋಡಿಕೊಳ್ಳುತ್ತದೆ.

ಈ ರಬ್ಬರ್ ಯಾವುದಾದರೂ ಆದೀತೇ? ಆಗದು. ನಮ್ಮ ಸುಳ್ಯ, ಪುತ್ತೂರಿನ ಕಡೆ ಮರದಿಂದ ಇಳಿಸುವ ಹಾಲಿನಿಂದ ಮಾಡಿದ ಸಹಜ ರಬ್ಬರ್ ಪೆಟ್ರೋಲಿಯಂ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಎಂಜಿನ್ನಿನಲ್ಲಿ ನೈಟ್ರೈಲ್ ರಬ್ಬರಿನಂತಹ, ಎಣ್ಣೆಗೆ ಜಗ್ಗದ ಕೃತಕ ರಬ್ಬರ್ ಬಳಸುತ್ತಾರೆ. ಅದೂ ಚಿರಂಜೀವಿಯಲ್ಲ. ವರ್ಷಗಟ್ಟಲೆ ಕಾದು ತಣಿದು ಗಟ್ಟಿಯಾಗುತ್ತದೆ, ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಒತ್ತಿ ಬಿಟ್ಟರೆ ಮತ್ತೆ ಉಬ್ಬುವುದಿಲ್ಲ. ಮಾಮನ ಬೈಕಿನ ಹಳೆಯ ಗ್ಯಾಸ್ಕೆಟ್ ಹಾಗೆಯೇ ಆಗಿತ್ತು. ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಹೊಸದು ಹಾಕಿದರೂ ಸೋರಿದ್ದೇಕೆ? ಹಳೆಯದರ ಚೂರುಗಳು ಅಂಚಿಗೆ ಅಂಟಿಕೊಂಡು ಉಳಿದಿದ್ದವು. ಮಾಮ ಅವನ್ನು ಕೆರೆದು ತೆಗೆದಿರಲಿಲ್ಲ. ಪುಸ್ತಕದ ನಡುವೆ ಪೆನ್ಸಿಲ್ ಇಟ್ಟು ಮುಚ್ಚಿದರೆ ಪುಸ್ತಕ ಸರಿಯಾಗಿ ಮುಚ್ಚುತ್ತದೆಯೇ? ಇಲ್ಲ. ಇಲ್ಲೂ ಚೂರಿನ ಅಕ್ಕಪಕ್ಕ ಸಂದು ಉಳಿಯಿತು.

ಎರಡನೆಯ ಗ್ಯಾಸ್ಕೆಟ್: ಬಲ ಹೆಚ್ಚಾದರೆ ಬಂಧ ಕೆಡುತ್ತದೆ

"ಬಿಗಿ ಸಾಲದು, ಅದಕ್ಕೇ ಸೋರುತ್ತಿದೆ" ಎಂದುಕೊಂಡರು ಮಾಮ. ಈ ಸಲ ಚೂರುಗಳನ್ನೆಲ್ಲ ಕೆರೆದು ಹೊಸ ಗ್ಯಾಸ್ಕೆಟ್ ಹಾಕಿದರು. ಪಕ್ಕದ ಮನೆಯಿಂದ ಉದ್ದನೆಯ ಸ್ಪ್ಯಾನರ್ ತಂದು ಬೋಲ್ಟುಗಳನ್ನು ಒಂದೊಂದಾಗಿ ಕೊನೆಯವರೆಗೂ ಬಿಗಿದರು. ಕಡೆಯ ಬೋಲ್ಟು ‘ಕರಕ್’ ಎಂದಿತು. ಆಮೇಲೆ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತತೊಡಗಿತು. ಅಲ್ಯೂಮಿನಿಯಂನೊಳಗಿನ ಮರೆ, ಅಂದರೆ ಥ್ರೆಡ್, ಕಿತ್ತುಹೋಗಿತ್ತು!

ಇಲ್ಲಿ ಎರಡು ತಪ್ಪುಗಳಾಗಿವೆ. ಮೊದಲನೆಯದು ಸನ್ನೆಯ ಲೆಕ್ಕ. ಸ್ಪ್ಯಾನರ್ ಕೂಡ ಒಂದು ಸನ್ನೆ. ಉದ್ದ ಹೆಚ್ಚಿದಷ್ಟೂ ತಿರುಗಿಸುವ ಸಾಮರ್ಥ್ಯ ಹೆಚ್ಚುತ್ತದೆ. ಈ ಸಾಮರ್ಥ್ಯವನ್ನು ನ್ಯೂಟನ್-ಮೀಟರ್ ಎಂಬ ಮಾನದಲ್ಲಿ ಅಳೆಯುತ್ತಾರೆ. 6 ಮಿಲಿಮೀಟರ್ ದಪ್ಪದ ಇಂತಹ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಆಸುಪಾಸು ಸಾಕು. ಸರಿಯಾದ ಸಂಖ್ಯೆ ಆಯಾ ಬೈಕಿನ ಕೈಪಿಡಿಯಲ್ಲಿ ಇರುತ್ತದೆ. 10 ನ್ಯೂಟನ್-ಮೀಟರ್ ಎಂದರೆ 1 ಮೀಟರ್ ಉದ್ದದ ಸಲಾಕೆಯ ತುದಿಗೆ ಸುಮಾರು 1 ಕಿಲೋಗ್ರಾಂ ತೂಗುಹಾಕಿದಷ್ಟು. 10 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಾದರೆ ಸುಮಾರು 10 ಕಿಲೋಗ್ರಾಂ ಭಾರದಷ್ಟು ಒತ್ತಬೇಕು. ಅದೇ ಕೈ ಅಷ್ಟೇ ಬಲವಾಗಿ 30 ಸೆಂಟಿಮೀಟರ್ ಸ್ಪ್ಯಾನರಿನ ಮೇಲೆ ಒತ್ತಿದರೆ? ಮೂರು ಪಟ್ಟು! ಮರೆ ಕಿತ್ತುಹೋಗದೆ ಏನಾಗುತ್ತದೆ?

ಎರಡನೆಯದು ಬಿಗಿದ ಕ್ರಮ. ಮಾಮ ಒಂದು ಮೂಲೆಯ ಬೋಲ್ಟನ್ನು ಪೂರ್ತಿ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋದರು. ಹಾಗೆ ಮಾಡಿದರೆ ಒಂದು ಕಡೆ ಗ್ಯಾಸ್ಕೆಟ್ ನಜ್ಜುಗುಜ್ಜಾಗುತ್ತದೆ, ಎದುರು ಕಡೆ ಕವರ್ ಎದ್ದು ನಿಲ್ಲುತ್ತದೆ. ತೆಳುವಾದ ಕವರ್ ಡೊಂಕೂ ಆಗುತ್ತದೆ.

ಗ್ಯಾಸ್ಕೆಟ್ ಎಣ್ಣೆಯನ್ನು ತಡೆಯುವುದು ಅತಿ ಬಲದಿಂದಲ್ಲ, ಸಮನಾದ ಒತ್ತಡದಿಂದ. ಇದು ಈ ಪಾಠದ ಮುಖ್ಯ ಮಾತು.

ಕಿತ್ತುಹೋದ ಮರೆಯನ್ನು ಪೇಟೆಯಲ್ಲಿ ಸರಿ ಮಾಡಿಸಬೇಕಾಯಿತು. ಡೊಂಕಾದ ಕವರಿಗೆ ಬದಲಾಗಿ ಹೊಸದನ್ನು ತರಿಸಬೇಕಾಯಿತು. ಮೂರು ವಾರ ಬೈಕು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲೇ ನಿಂತಿತು. ಮಾಮ ಸೈಕಲ್ ಮೇಲೆ ಹಾಲು ಹೊತ್ತರು. ಎರಡು ದಿನ ಡೇರಿ ಮುಚ್ಚಿದ ಮೇಲೆ ತಲುಪಿದರು.

ಮೂರನೆಯ ಗ್ಯಾಸ್ಕೆಟ್: ಮೇಸ್ತ್ರಿ ಮಾಡಿದ್ದು

ಈ ಸಲ ಊರಿನ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದರು. ಅವರು ಮಾಡಿದ್ದನ್ನು ಕ್ರಮವಾಗಿ ನೋಡಿ.

1. ಎಂಜಿನ್ ಪೂರ್ತಿ ತಣ್ಣಗಾಗಿದೆಯೇ ಎಂದು ನೋಡಿದರು.

2. ಕವರಿನ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದರು. ಮುಚ್ಚಳ ತೆಗೆದಾಗ ಒಂದು ಹರಳು ಮರಳು ಒಳಗೆ ಬಿದ್ದರೂ ಎಂಜಿನ್ ಸವೆಯುತ್ತದೆ.

3. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದರು.

4. ಅಂಟಿಕೊಂಡ ಕವರನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಲಿಲ್ಲ. ಮೀಟಿದರೆ ಅಂಚಿನಲ್ಲಿ ಗೀರು ಬಿದ್ದು ಅದೇ ಸೋರುವ ದಾರಿಯಾಗುತ್ತದೆ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ ಬಿಡಿಸಿದರು.

5. ಒಳಗೆ ಕಸ ಬೀಳದಂತೆ ಎರಡು ಶುಭ್ರ ಬಟ್ಟೆ ತುರುಕಿದರು. "ಎಷ್ಟು ಬಟ್ಟೆ ಇಟ್ಟೆವು, ಲೆಕ್ಕ ಇಟ್ಟುಕೋ ಪುಟ್ಟಿ" ಎಂದರು. ಮುಚ್ಚುವಾಗ ಅಷ್ಟೂ ಹೊರಗೆ ಬರಬೇಕಲ್ಲವೇ?

6. ಉಳಿದ ಚೂರುಗಳನ್ನು ಪ್ಲಾಸ್ಟಿಕ್ ಅಳತೆಪಟ್ಟಿಯ ತುಂಡಿನಿಂದ ಕೆರೆದರು. ಅಲ್ಯೂಮಿನಿಯಂ ಮೃದು ಲೋಹ. ಕಬ್ಬಿಣದ ಅಲಗಿಗೆ ಅದು ಬೇಗ ಗೀರಾಗುತ್ತದೆ.

7. ಹೊಸ ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ಅಲುಗಾಡಿಸಿ ನೋಡಿದರು. ಅಲುಗಿದರೆ ಡೊಂಕಿದೆ ಎಂದರ್ಥ. ಅಲುಗಲಿಲ್ಲ.

8. ಗ್ಯಾಸ್ಕೆಟನ್ನು ಅದರ ಕಾಲುವೆಯಲ್ಲಿ ಎಲ್ಲೂ ತಿರುಚದಂತೆ ಕೂರಿಸಿದರು.

9. ಬಟ್ಟೆಗಳನ್ನು ತೆಗೆದು ಎಣಿಸಿದರು. ಎಲ್ಲ ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿದರು. ಆಮೇಲೆ ಚಿಕ್ಕ ಸ್ಪ್ಯಾನರಿನಿಂದ, ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿದರು. ಬಿಗಿ ಬಂದೊಡನೆ ನಿಲ್ಲಿಸಿದರು.

ಎಲ್ಲವೂ ಸರಿಯಾಗಿತ್ತು. ಮರುದಿನ ಮಾಮ ಹಾಲು ಹಾಕಿ ಬಂದರು. ಮಗಳು ಬಗ್ಗಿ ನೋಡಿದಳು. ಕವರಿನ ಅಂಚಿನಲ್ಲಿ ಮತ್ತೆ ಎಣ್ಣೆ!

ಎಂಜಿನ್ನಿನ ಮೂಗು

ಈಗ ನೀವೇ ಯೋಚಿಸಿ. ಗ್ಯಾಸ್ಕೆಟ್ ಹೊಸದು. ಕವರ್ ಹೊಸದು. ಅಂಚು ಶುಭ್ರ. ಬಿಗಿ ಸಮ. ಆದರೂ ಸೋರುತ್ತಿದೆ. ಇನ್ನೇನು ಕಾರಣ?

ಮೇಸ್ತ್ರಿ ನಾಲ್ಕನೆಯ ಗ್ಯಾಸ್ಕೆಟ್ ತನ್ನಿ ಎನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಎಣ್ಣೆಯನ್ನು ಒಳಗಿನಿಂದ ಯಾರೋ ತಳ್ತಿದ್ದಾರಣ್ಣ" ಎಂದರು.

ಅವರ ಮಾತಿನ ಅರ್ಥ ಇಷ್ಟು. ಪಿಸ್ಟನ್ ಕೆಳಗೆ ಇಳಿಯುವಾಗ ತನ್ನ ಅಡಿಯಲ್ಲಿರುವ ಗಾಳಿಯನ್ನು ಒತ್ತುತ್ತದೆ. ಸೈಕಲ್ ಪಂಪಿನ ಹಾಗೆ. ಜೊತೆಗೆ ಪಿಸ್ಟನ್ ಉಂಗುರಗಳ ಪಕ್ಕದಿಂದ ದಹನದ ಅನಿಲವೂ ಸ್ವಲ್ಪ ಸ್ವಲ್ಪ ಕೆಳಗೆ ನುಸುಳುತ್ತದೆ. ಹೀಗೆ ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಹುಟ್ಟುತ್ತದೆ. ಹೊಟ್ಟೆಗೂ ತಲೆಗೂ ನಡುವೆ ಸರಪಳಿ ಓಡುವ ದಾರಿ ಇದೆ. ಆದ್ದರಿಂದ ಅದೇ ಒತ್ತಡ ವಾಲ್ವ್ ಕವರಿನ ಒಳಗೂ ಇರುತ್ತದೆ.

ಈ ಒತ್ತಡ ಹೊರಗೆ ಹೋಗಲೆಂದೇ ಎಂಜಿನ್ನಿಗೆ ಒಂದು ಮೂಗು ಇದೆ. ಅದನ್ನು ಬ್ರೀದರ್ ಕೊಳವೆ ಎನ್ನುತ್ತಾರೆ. ಈಗಿನ ಬೈಕುಗಳಲ್ಲಿ ಅದರ ತುದಿ ಏರ್ ಫಿಲ್ಟರಿನ ಪೆಟ್ಟಿಗೆಗೆ ಸೇರುತ್ತದೆ. ಆ ಅನಿಲ ಗಾಳಿಗೆ ಸೇರದೆ ಮತ್ತೆ ಎಂಜಿನ್ನಿಗೇ ಹೋಗಿ ಉರಿಯುತ್ತದೆ. ಮಾಮನದು ತುಂಬಾ ಹಳೆಯ ಬೈಕು. ಅದರ ಕೊಳವೆಯ ತುದಿ ಹೊರಗೆ ತೆರೆದುಕೊಂಡಿತ್ತು.

ಮೂಗು ಕಟ್ಟಿದರೆ ಏನಾಗುತ್ತದೆ? ಒತ್ತಡ ಬೇರೆ ದಾರಿ ಹುಡುಕುತ್ತದೆ. ಕುಕ್ಕರಿನಲ್ಲಿ ಸೀಟಿಯ ರಂಧ್ರ ಕಟ್ಟಿಕೊಂಡರೆ ಹಬೆ ಬೇರೆ ಕಡೆಯಿಂದ ನುಗ್ಗುತ್ತದಲ್ಲ, ಹಾಗೆ. ಎಷ್ಟೇ ಹೊಸ ಗ್ಯಾಸ್ಕೆಟ್ ಆದರೂ ಅದರ ಸಂದಿನಿಂದ ಎಣ್ಣೆ ಹೊರಬರುತ್ತದೆ.

ಮೇಸ್ತ್ರಿ ಕೊಳವೆಯನ್ನು ಹುಡುಕುತ್ತಿದ್ದಾಗ ಮಗಳು ಹತ್ತಿರ ಬಂದಳು.

"ಮಾಮ, ಆ ಪೈಪಾ? ಬೈಕು ಚಪ್ಪರದಲ್ಲಿ ನಿಂತಿದ್ದಾಗ ಒಂದು ಕಣಜದ ಹುಳು ಅದರೊಳಗೆ ಮಣ್ಣುಂಡೆ ಕಚ್ಚಿಕೊಂಡು ಹೋಗ್ತಿತ್ತು."

ಮೇಸ್ತ್ರಿ ಕೊಳವೆಯನ್ನು ಬಿಚ್ಚಿ ಊದಿದರು. ಗಾಳಿ ಹೋಗಲಿಲ್ಲ. ತಂತಿಯಿಂದ ಮೆಲ್ಲಗೆ ಚುಚ್ಚಿದಾಗ ಒಣಮಣ್ಣು ಉದುರಿತು. ಅದರ ಹಿಂದೆ ಒಂದೆರಡು ಹಸಿರು ಹುಳುಗಳು! ಕೆಲವು ಜಾತಿಯ ಕಣಜಗಳು ಇಂತಹ ತೂತುಗಳಲ್ಲಿ ಮೊಟ್ಟೆ ಇಟ್ಟು, ಹುಟ್ಟಲಿರುವ ಮರಿಗೆ ಬುತ್ತಿಯಾಗಿ ಹುಳುಗಳನ್ನು ತಂದಿರಿಸಿ, ಬಾಯಿಗೆ ಮಣ್ಣು ಮೆತ್ತುತ್ತವೆ. ಕಣಜಕ್ಕೆ ಅದು ಮನೆ. ಎಂಜಿನ್ನಿಗೆ ಉಸಿರು ಕಟ್ಟಿದ ಹಾಗೆ.

ಕೊಳವೆಯನ್ನು ತೊಳೆದು ಒಣಗಿಸಿ ಜೋಡಿಸಿದರು. ಗ್ಯಾಸ್ಕೆಟನ್ನು ಮುಟ್ಟಲೇ ಇಲ್ಲ. ಎಂಜಿನ್ನನ್ನು ಒರೆಸಿ, ಮಗಳು ಮತ್ತೆ ಸೀಮೆಸುಣ್ಣದ ಪುಡಿ ಉದುರಿಸಿದಳು. ಮಾಮ ಡೇರಿಗೆ ಹೋಗಿ ಬಂದರು. ಪುಡಿ ಬೆಳ್ಳಗೇ ಇತ್ತು. ಒಂದು ವಾರ ಕಳೆದು ನೋಡಿದಾಗಲೂ ಅಂಚು ಒಣಗಿಯೇ ಇತ್ತು.

ಮೂರು ಸಲವೂ ಎಣ್ಣೆ ಸೋರಿದ್ದು ಒಂದೇ ಜಾಗದಲ್ಲಿ. ಆದರೆ ಮೂರು ಸಲವೂ ಕಾರಣ ಬೇರೆ ಬೇರೆ. ಲಕ್ಷಣ ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಎಂದು ತಿಳಿಯಬಾರದು. ಜ್ವರ ಬಂದವರಿಗೆಲ್ಲ ವೈದ್ಯರು ಒಂದೇ ಔಷಧಿ ಕೊಡುವುದಿಲ್ಲ, ಅಲ್ಲವೇ?

ಮಾಡಿ ನೋಡಿ

ಚಟುವಟಿಕೆ 1: ರಬ್ಬರ್ ಮತ್ತು ಎಣ್ಣೆ
ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಎರಡು ಚಮಚ ಹೊಸ ಎಂಜಿನ್ ಎಣ್ಣೆಯಲ್ಲಿ ಮುಳುಗಿಸಿ. ಮೂರು ದಿನ ಬಿಟ್ಟು ಕಡ್ಡಿಯಿಂದ ತೆಗೆದು ಒರೆಸಿ, ಅಳತೆಪಟ್ಟಿಯ ಮೇಲೆ ಇಟ್ಟು ಉದ್ದ ಅಳೆಯಿರಿ. ಯಾವುದು ಉಬ್ಬಿದೆ? ಯಾವುದು ಬೇಗ ಹರಿಯುತ್ತದೆ? ಇದನ್ನು ಶಿಕ್ಷಕರ ಜೊತೆಯಲ್ಲಿ ಮಾಡಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಚಟುವಟಿಕೆ 2: ಸಮನಾದ ಒತ್ತಡ
ಜೇಡಿಮಣ್ಣನ್ನು ಹಗ್ಗದಂತೆ ಹೊಸೆದು ಸ್ಲೇಟಿನ ಮೇಲೆ ಬಳೆಯಂತೆ ಇಡಿ. ಮೇಲೊಂದು ಸ್ಲೇಟು ಇಟ್ಟು ಒಂದೇ ಮೂಲೆಯನ್ನು ಬಲವಾಗಿ ಒತ್ತಿ. ಮೇಲಿನ ಸ್ಲೇಟನ್ನು ತೆಗೆದು ಬಳೆಯ ದಪ್ಪ ನೋಡಿ. ಈಗ ಇನ್ನೊಂದು ಬಳೆ ಮಾಡಿ, ನಾಲ್ಕು ಮೂಲೆಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತಿ. ಯಾವ ಬಳೆ ಎಲ್ಲ ಕಡೆ ಒಂದೇ ದಪ್ಪ ಇದೆ?

ಚಟುವಟಿಕೆ 3: ಸೋರುವ ಜಾಗದ ಪತ್ತೆ
ಗೆಳೆಯರಿಗೆ ಕಾಣದಂತೆ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ ಸೂಜಿಯಿಂದ ಒಂದು ಚಿಕ್ಕ ತೂತು ಮಾಡಿ. ಹೊರಮೈಗೆ ಸೀಮೆಸುಣ್ಣದ ಪುಡಿ ಸವರಿ. ಬಾಟಲಿಗೆ ನೀರು ತುಂಬಿ ಮುಚ್ಚಳ ಹಾಕಿ ಮೆಲ್ಲಗೆ ಹಿಸುಕಿ. ತೂತು ಎಲ್ಲಿದೆ ಎಂದು ಪುಡಿಯನ್ನು ನೋಡಿ ಗೆಳೆಯರು ಹೇಳಲಿ. ನೆನಪಿರಲಿ, ನೀರು ತೊಟ್ಟಿಕ್ಕುವುದು ಬುಡದಲ್ಲಿ!

ಎಚ್ಚರಿಕೆ

ಓಡಿ ಬಂದ ಬೈಕಿನ ಎಂಜಿನ್ ಮತ್ತು ಸೈಲೆನ್ಸರ್ ಮುಟ್ಟಬೇಡಿ, ಸುಡುತ್ತವೆ. ಬೈಕು ಬಿಚ್ಚುವ ಕೆಲಸ ದೊಡ್ಡವರದು. ನಿಮ್ಮ ಕೆಲಸ ನೋಡುವುದು, ಬರೆದಿಡುವುದು, ಪ್ರಶ್ನೆ ಕೇಳುವುದು. ಹಳೆಯ ಎಂಜಿನ್ ಎಣ್ಣೆಯನ್ನು ಹೊಲಕ್ಕೆ, ಚರಂಡಿಗೆ, ಕೆರೆಯ ಬಳಿ ಸುರಿಯಬಾರದು. ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಬೇಕು.

ನೆನಪಿಡಿ

• ಸೋರಿಕೆ ಕಾಣುವ ಜಾಗ ಮತ್ತು ಹೊರಡುವ ಜಾಗ ಬೇರೆಯಾಗಿರಬಹುದು. ಮೊದಲು ಒರೆಸಿ, ಆಮೇಲೆ ಹುಡುಕಿ.
• ಹೊಸ ಗ್ಯಾಸ್ಕೆಟ್‌ಗೆ ಶುಭ್ರವಾದ, ಡೊಂಕಿಲ್ಲದ ಅಂಚು ಬೇಕು.
• ಬೋಲ್ಟುಗಳನ್ನು ಎದುರುಬದುರಾಗಿ, ಸಮನಾಗಿ, ಹೇಳಿದಷ್ಟೇ ಬಿಗಿಯಬೇಕು.
• ಭಾಗ ಬದಲಿಸುವ ಮೊದಲು ಅದು ಏಕೆ ಕೆಟ್ಟಿತು ಎಂದು ಕೇಳಬೇಕು.

ಯೋಚಿಸಿ ಉತ್ತರಿಸಿ

1. ಎಂಜಿನ್ ಒಂದು ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಒಂದು ಕವಾಟ ಸೆಕೆಂಡಿಗೆ ಎಷ್ಟು ಬಾರಿ ತೆರೆಯುತ್ತದೆ?
2. ನಿಮಿಷಕ್ಕೆ ಎರಡು ಹನಿ ಸೋರಿದರೆ ಒಂದು ತಿಂಗಳಲ್ಲಿ ಎಷ್ಟು ಎಣ್ಣೆ ಹೋಗುತ್ತದೆ? ಪಾಠದಲ್ಲಿರುವ ಲೆಕ್ಕವನ್ನೇ ಅನುಸರಿಸಿ.
3. ಕವರನ್ನು ಕಬ್ಬಿಣದ ಅಲಗಿನಿಂದ ಏಕೆ ಕೆರೆಯಬಾರದು?
4. ಮೇಸ್ತ್ರಿ ನಾಲ್ಕನೆಯ ಗ್ಯಾಸ್ಕೆಟ್ ತರಲು ಹೇಳಿದ್ದರೆ ಏನಾಗುತ್ತಿತ್ತು?
5. ನಿಮ್ಮ ಮನೆ ಮತ್ತು ಶಾಲೆಯಲ್ಲಿ ಗ್ಯಾಸ್ಕೆಟ್ ಅಥವಾ ವಾಷರ್ ಇರುವ ಐದು ವಸ್ತುಗಳನ್ನು ಪಟ್ಟಿ ಮಾಡಿ. ಪ್ರತಿಯೊಂದೂ ಏನನ್ನು ತಡೆಯುತ್ತದೆ?

ನಿಮ್ಮ ಶಾಲೆಯ ನಲ್ಲಿ ತೊಟ್ಟಿಕ್ಕುತ್ತಿದೆಯೇ? ನಾಳೆ ಅದರ ಕೆಳಗೆ ಒಂದು ಲೋಟ ಇಟ್ಟು ಒಂದು ಗಂಟೆಯಲ್ಲಿ ಎಷ್ಟು ನೀರು ಬೀಳುತ್ತದೆ ಎಂದು ಅಳೆದು ನೋಡಿ. ಆ ಲೆಕ್ಕವನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೆ ತೋರಿಸಿ.